ಡಬ್ಬದ ಮೇಲಿದ್ದ ಫೀಚರ್ ಅಪ್‌ಡೇಟ್ ಆದ ಮೇಲೆ ಎಲ್ಲಿ ಹೋಯಿತು?

ಚಿಕ್ಕಪೇಟೆಯಲ್ಲಿ ಮಿಕ್ಸಿ ಕೊಂಡರೆ ಜೊತೆಗೆ ಮೂರು ಜಾರ್ ಬರುತ್ತವೆ. ಎರಡು ವರ್ಷ ಆದ ಮೇಲೆ ಕಂಪನಿಯವರು ರಾತ್ರೋರಾತ್ರಿ ಅಡುಗೆಮನೆಗೆ ನುಗ್ಗಿ ಚಟ್ನಿ ಜಾರ್ ಎತ್ತಿಕೊಂಡು ಹೋದರೆ ಅದನ್ನು ಕಳ್ಳತನ ಅಂತೀವಿ. ಟಿವಿಗೆ ಜೋಡಿಸಿ ಆಡುವ ಗೇಮ್ ಕನ್ಸೋಲ್‌ನಲ್ಲಿ ಇದೇ ಕೆಲಸ ನಡೆದರೆ ಅದರ ಹೆಸರು ‘ಸಿಸ್ಟಮ್ ಸಾಫ್ಟ್‌ವೇರ್ ಅಪ್‌ಡೇಟ್’.

ಈ ಚರ್ಚೆ ಮತ್ತೆ ಎದ್ದಿರುವುದಕ್ಕೆ ಒಂದರ ಹಿಂದೊಂದು ಬಂದ ಸುದ್ದಿಗಳೇ ಕಾರಣ. 2024ರ ಮಾರ್ಚ್ 31ಕ್ಕೆ ಯೂಬಿಸಾಫ್ಟ್ ಕಂಪನಿ ‘ದಿ ಕ್ರೂ’ ಎಂಬ ಕಾರ್ ರೇಸ್ ಆಟದ ಸರ್ವರ್ ಮುಚ್ಚಿತು. ಡಿಸ್ಕ್ ಕೈಯಲ್ಲಿದ್ದವರಿಗೂ ಆಟ ಶುರುವಾಗುವುದು ನಿಂತುಹೋಯಿತು. 2025ರ ಮಾರ್ಚ್ 28ಕ್ಕೆ ಅಮೆಜಾನ್, ಮಾತು ಕೇಳಿ ಕೆಲಸ ಮಾಡುವ ತನ್ನ ಕೆಲವು ಎಕೋ ಸ್ಪೀಕರ್‌ಗಳಲ್ಲಿದ್ದ ‘ನನ್ನ ಧ್ವನಿಯನ್ನು ಹೊರಗೆ ಕಳಿಸಬೇಡ’ ಎಂಬ ಆಯ್ಕೆಯನ್ನು ಅಮೆರಿಕದಲ್ಲಿ ತೆಗೆದುಹಾಕಿತು. ಅದೇ ವರ್ಷದ ಮೇ ತಿಂಗಳಲ್ಲಿ ಗೇಮ್ ಕಂಪನಿ ನಿಂಟೆಂಡೊ ತನ್ನ ಬಳಕೆದಾರರ ಒಪ್ಪಂದ ಬದಲಿಸಿತು. ನಿಯಮ ಮುರಿದರೆ ಸಾಧನವನ್ನೇ ಪೂರ್ತಿಯಾಗಿ ಅಥವಾ ಭಾಗಶಃ, ಶಾಶ್ವತವಾಗಿ ಕೆಲಸಕ್ಕೆ ಬಾರದಂತೆ ಮಾಡುವ ಹಕ್ಕು ತನಗಿದೆ ಎಂದು ಅದರ ಅಮೆರಿಕದ ಒಪ್ಪಂದ ಹೇಳುತ್ತದೆ. ಮುಂದಿನ ತಿಂಗಳು, ಜೂನ್ 5ಕ್ಕೆ, ಅದರ ಹೊಸ ಕನ್ಸೋಲ್ ಸ್ವಿಚ್ 2 ಮಾರುಕಟ್ಟೆಗೆ ಬಂತು.

ಓದಿದವರಿಗೆ ತಲೆಬುಡ ಗೊತ್ತಾಗದಿರುವುದು ಸಹಜ. ದುಡ್ಡು ಕೊಟ್ಟು ತಂದ ವಸ್ತು ನಮ್ಮ ಟಿವಿ ಕೆಳಗೆ ಕೂತಿದೆ. ಅದರ ಮೇಲೆ ಕಂಪನಿಗೆ ಇನ್ನೂ ಏನು ಅಧಿಕಾರ? ಇದನ್ನು ಬಿಡಿಸಿ ನೋಡಲು ಒಂದು ಹಳೆಯ ಪ್ರಕರಣ ತುಂಬಾ ಉಪಯೋಗಕ್ಕೆ ಬರುತ್ತದೆ. ಮೇಲಿನ ಸುದ್ದಿಗಳಲ್ಲಿ ಸರ್ವರ್, ಪೈರಸಿ, ಖಾಸಗಿತನ ಎಲ್ಲ ಕಲಸಿಹೋಗಿವೆ. ಆ ಹಳೆಯ ಪ್ರಕರಣದಲ್ಲಿ ವಿಷಯ ಚೊಕ್ಕವಾಗಿದೆ.

2010ರ ಏಪ್ರಿಲ್ 1

ಸೋನಿಯ ಪ್ಲೇಸ್ಟೇಷನ್ 3 ಬಂದಿದ್ದು 2006ರ ನವೆಂಬರ್‌ನಲ್ಲಿ. ಅಮೆರಿಕದಲ್ಲಿ 60 ಜಿಬಿ ಮಾದರಿಗೆ 599 ಡಾಲರ್. ಆ ಕಾಲಕ್ಕೆ ದುಬಾರಿಯೇ. ಆದರೆ ಅದರ ಮೆನುವಿನಲ್ಲಿ ‘ಇನ್‌ಸ್ಟಾಲ್ ಅದರ್ ಓಎಸ್’ (ಬೇರೆ ಆಪರೇಟಿಂಗ್ ಸಿಸ್ಟಮ್ ಹಾಕಿಕೊಳ್ಳಿ) ಎಂಬ ಒಂದು ಸಾಲಿತ್ತು. ಅದನ್ನು ಒತ್ತಿ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿಕೊಂಡರೆ ಕನ್ಸೋಲ್ ಒಂದು ಪೂರ್ತಿ ಕಂಪ್ಯೂಟರ್ ಆಗುತ್ತಿತ್ತು. ಇದು ಕದ್ದುಮುಚ್ಚಿ ಮಾಡುವ ಕೆಲಸವೇನೂ ಆಗಿರಲಿಲ್ಲ. ಕಂಪನಿಯೇ ಕೊಟ್ಟು, ಕಂಪನಿಯೇ ಹೇಳಿಕೊಂಡಿದ್ದ ಸೌಲಭ್ಯ.

ಅದಕ್ಕಾಗಿಯೇ ಕನ್ಸೋಲ್ ಕೊಂಡವರೂ ಇದ್ದರು. ಒಳಗಿದ್ದ ಸೆಲ್ ಪ್ರೊಸೆಸರ್ ಲೆಕ್ಕ ಹಾಕುವುದರಲ್ಲಿ ಬಲು ಚುರುಕು. ಅಷ್ಟು ಶಕ್ತಿಯ ಯಂತ್ರ ಬೇರೆ ಕಡೆ ಆ ಬೆಲೆಗೆ ಸಿಗುತ್ತಿರಲಿಲ್ಲ. ವಿಶ್ವವಿದ್ಯಾಲಯಗಳ ಸಂಶೋಧಕರು ಹತ್ತಾರು ಕನ್ಸೋಲ್ ಜೋಡಿಸಿ ಕ್ಲಸ್ಟರ್ ಕಟ್ಟಿದರು. ಅಮೆರಿಕದ ವಾಯುಪಡೆಯ ಸಂಶೋಧನಾಲಯ ಸುಮಾರು 1,700 ಕನ್ಸೋಲ್‌ಗಳನ್ನು ಪೋಣಿಸಿ ‘ಕಾಂಡೋರ್’ ಎಂಬ ಸೂಪರ್ ಕಂಪ್ಯೂಟರ್ ಮಾಡಿತು. ಆಟದ ಸಾಮಾನಿನಿಂದ ಸೂಪರ್ ಕಂಪ್ಯೂಟರ್! ಸೋನಿಗೆ ಇದಕ್ಕಿಂತ ಒಳ್ಳೆಯ ಪುಕ್ಕಟೆ ಜಾಹೀರಾತು ಸಿಗುತ್ತಿತ್ತಾ?

2009ರ ಸೆಪ್ಟೆಂಬರ್‌ನಲ್ಲಿ ತೆಳ್ಳಗಿನ ಹೊಸ ಮಾದರಿ ಬಂತು. ಅದರಲ್ಲಿ ಈ ಸೌಲಭ್ಯ ಇರಲಿಲ್ಲ. ಇಲ್ಲಿ ತಕರಾರು ತೆಗೆಯಲು ಜಾಗವಿಲ್ಲ. ಹೊಸ ಮಾದರಿಯಲ್ಲಿ ಏನಿರಬೇಕು ಅನ್ನುವುದು ಕಂಪನಿಯ ಇಷ್ಟ, ಬೇಡದವರು ಕೊಳ್ಳುವುದಿಲ್ಲ. ಹಳೆಯ ಮಾದರಿಗಳಲ್ಲಿ ಸೌಲಭ್ಯ ಮುಂದುವರಿಯುತ್ತದೆ ಎಂಬ ಭರವಸೆಯೂ ಆಗ ಬಂದಿತ್ತು.

2010ರ ಜನವರಿಯಲ್ಲಿ ಜಾರ್ಜ್ ಹಾಟ್ಜ್ ಎಂಬ ಹ್ಯಾಕರ್, ಇದೇ ಅದರ್ ಓಎಸ್ ದಾರಿಯಿಂದ ಕನ್ಸೋಲ್‌ನ ಒಳಗೋಡೆಯನ್ನು ದಾಟಿದ್ದಾಗಿ ಹೇಳಿದರು. ಮಾರ್ಚ್ 28ಕ್ಕೆ ಸೋನಿಯ ಪ್ರಕಟಣೆ ಬಂತು: ಏಪ್ರಿಲ್ 1ರ 3.21 ಅಪ್‌ಡೇಟ್ ಹಾಕಿಕೊಂಡರೆ ‘ಅದರ್ ಓಎಸ್’ ಹೋಗುತ್ತದೆ, ಕಾರಣ ಭದ್ರತೆ. ತಾರೀಕು ನೋಡಿ ಏಪ್ರಿಲ್ ಫೂಲ್ ಅಂದುಕೊಂಡವರೂ ಇದ್ದರಂತೆ.

ಅಪ್‌ಡೇಟ್ ಕಡ್ಡಾಯವಲ್ಲ, ಬೇಡದವರು ಹಾಕಿಕೊಳ್ಳಬೇಡಿ ಅನ್ನುವುದು ಕಂಪನಿಯ ಮಾತಾಗಿತ್ತು. ಆದರೆ ಹಾಕಿಕೊಳ್ಳದಿದ್ದರೆ ಪ್ಲೇಸ್ಟೇಷನ್ ನೆಟ್‌ವರ್ಕ್‌ಗೆ ಪ್ರವೇಶ ಇಲ್ಲ. ಆನ್‌ಲೈನ್ ಆಟ ಇಲ್ಲ. ಹೊಸ ಫರ್ಮ್‌ವೇರ್ (ಯಂತ್ರ ನಡೆಸುವ ಒಳಗಿನ ಸಾಫ್ಟ್‌ವೇರ್) ಕೇಳುವ ಮುಂದಿನ ಆಟಗಳೂ ಬ್ಲೂ-ರೇ ಸಿನಿಮಾಗಳೂ ಓಡುವುದಿಲ್ಲ. ಡಬ್ಬದಲ್ಲಿ ಲಿನಕ್ಸೂ ಇತ್ತು, ಆನ್‌ಲೈನ್ ಆಟವೂ ಇತ್ತು. ಏಪ್ರಿಲ್ 1ರ ನಂತರ ಎರಡರಲ್ಲಿ ಒಂದನ್ನು ಮಾತ್ರ ಇಟ್ಟುಕೊಳ್ಳಬಹುದು. ಕೊಂಡವರು ಎರಡಕ್ಕೂ ದುಡ್ಡು ಕೊಟ್ಟಿದ್ದರು. ಇಡೀ ವಿವಾದದ ತಿರುಳು ಇಷ್ಟೇ. ಎರಡು ಕೈಯಲ್ಲಿ ಯಾವುದನ್ನು ಕಡಿಯಲಿ ಎಂದು ಕೇಳುವುದನ್ನು ಆಯ್ಕೆ ಅನ್ನುವುದು ಕಷ್ಟ.

ವಾಯುಪಡೆಯ ಕನ್ಸೋಲ್‌ಗಳಿಗೆ ಆನ್‌ಲೈನ್ ಆಟ ಬೇಕಿರಲಿಲ್ಲ, ಹಾಗಾಗಿ ಅವು ಅಪ್‌ಡೇಟ್ ಇಲ್ಲದೆ ನಡೆದವು. ಆದರೂ ಪೆಟ್ಟು ಬಿತ್ತು. ಒಂದು ಯಂತ್ರ ಕೆಟ್ಟರೆ ಬದಲಿ ತರುವುದು ಎಲ್ಲಿಂದ? ಹೊಸ ಮಾದರಿಯಲ್ಲಿ ಸೌಲಭ್ಯವೇ ಇಲ್ಲ. ರಿಪೇರಿಗೆ ಕಳಿಸಿದರೆ ಹೊಸ ಫರ್ಮ್‌ವೇರ್ ಹಾಕಿಸಿಕೊಂಡು ವಾಪಸ್ ಬರುತ್ತದೆ.

ಬೇಲಿ ಹಾಕಿದ ಮೇಲೆ ಬಂದ ಕಳ್ಳ

ಸೌಲಭ್ಯ ತೆಗೆದಿದ್ದರಿಂದ ಭದ್ರತೆ ಬಂತಾ ಅಂದರೆ, ನಡೆದದ್ದು ಉಲ್ಟಾ.

ಮೂರು ವರ್ಷಕ್ಕೂ ಜಾಸ್ತಿ ಕಾಲ ಪ್ಲೇಸ್ಟೇಷನ್ 3 ಒಡೆಯದೆ ಉಳಿದಿತ್ತು. ಅದೇ ತಲೆಮಾರಿನ ಬೇರೆ ಕನ್ಸೋಲ್‌ಗಳಿಗೆ ಹೋಲಿಸಿದರೆ ಇದು ದೊಡ್ಡ ಸಾಧನೆ. 2010ರ ಡಿಸೆಂಬರ್‌ನಲ್ಲಿ ಜರ್ಮನಿಯಲ್ಲಿ ನಡೆದ ಕೇಯಾಸ್ ಕಮ್ಯುನಿಕೇಷನ್ ಕಾಂಗ್ರೆಸ್ ಎಂಬ ಹ್ಯಾಕರ್‌ಗಳ ಸಮ್ಮೇಳನದಲ್ಲಿ ‘ಫೇಲ್‌ಓವರ್‌ಫ್ಲೋ’ ಎಂಬ ಹ್ಯಾಕರ್ ತಂಡ ವೇದಿಕೆ ಹತ್ತಿತು. ಸೋನಿಯ ಡಿಜಿಟಲ್ ಸಹಿಯಲ್ಲಿ ಪ್ರತಿ ಸಲವೂ ಬದಲಾಗಬೇಕಿದ್ದ ಒಂದು ಸಂಖ್ಯೆ ಬದಲಾಗದೆ ಹಾಗೇ ಇದೆ, ಅದರಿಂದ ಕಂಪನಿಯ ಗುಟ್ಟಿನ ಕೀಲಿಯನ್ನೇ ಲೆಕ್ಕ ಹಾಕಿ ತೆಗೆಯಬಹುದು ಎಂದು ಅವರು ತೋರಿಸಿದರು. ಅವರ ಇನ್ನೊಂದು ಮಾತು ನಮ್ಮ ವಿಷಯಕ್ಕೆ ಇನ್ನೂ ಮುಖ್ಯ. ಕನ್ಸೋಲ್‌ನಲ್ಲಿ ಲಿನಕ್ಸ್ ಹಾಕುವ ದಾರಿ ತೆರೆದಿದ್ದಷ್ಟು ದಿನ ಬುದ್ಧಿವಂತ ಹ್ಯಾಕರ್‌ಗಳಿಗೆ ಅದನ್ನು ಒಡೆಯುವ ಉಮೇದು ಇರಲಿಲ್ಲ, ದಾರಿ ಮುಚ್ಚಿದ ಮೇಲೆ ಬಂತು ಅನ್ನುವುದು ಅವರ ವಾದ.

ಹ್ಯಾಕರ್‌ಗಳು ತಮ್ಮ ಪರವಾಗಿ ತಾವೇ ಹೇಳಿಕೊಂಡ ಮಾತು ಇದು, ಅಳೆದು ತೂಗಿಯೇ ಕೇಳಬೇಕು. ಜನವರಿಯಲ್ಲೇ ಹಾಟ್ಜ್ ಒಳಗೋಡೆ ದಾಟಿದ್ದರು ಅನ್ನುವುದನ್ನೂ ಮರೆಯಬಾರದು. ಆದರೆ ಕಾಲಕ್ರಮ ಕಣ್ಣ ಮುಂದಿದೆ: ಸೌಲಭ್ಯ ಇದ್ದಾಗ ಮೂರು ವರ್ಷ ಭದ್ರ, ತೆಗೆದ ಒಂಬತ್ತು ತಿಂಗಳಿಗೆ ಪೂರ್ತಿ ಬಯಲು. ಹಾಟ್ಜ್ ಮೂಲ ಕೀಲಿಯನ್ನು 2011ರ ಜನವರಿಯಲ್ಲಿ ಪ್ರಕಟಿಸಿದರು. ಸೋನಿ ಕೇಸು ಹಾಕಿತು, ಏಪ್ರಿಲ್ ಹೊತ್ತಿಗೆ ರಾಜಿಯಾಯಿತು. ಭದ್ರತೆಗಾಗಿ ಎಂದು ಗ್ರಾಹಕರಿಂದ ಕಿತ್ತುಕೊಂಡಿದ್ದು ವಾಪಸ್ ಬರಲಿಲ್ಲ, ಭದ್ರತೆಯೂ ಉಳಿಯಲಿಲ್ಲ.

ಮನೆಯೊಳಗಿನ ಯಂತ್ರಕ್ಕೆ ಹೊರಗಿನಿಂದ ಕೈ

ಇದೆಲ್ಲ ಸಾಧ್ಯವಾಗುವುದು ಹೇಗೆ ಅಂತ ಸ್ವಲ್ಪ ನೋಡೋಣ. ಮೂರು ಬೀಗಗಳಿವೆ. ಮೊದಲನೆಯದು ಸಹಿ. ಕಂಪನಿ ಡಿಜಿಟಲ್ ಸಹಿ ಹಾಕಿದ ಸಾಫ್ಟ್‌ವೇರ್ ಬಿಟ್ಟು ಬೇರೆ ಯಾವುದನ್ನೂ ಕನ್ಸೋಲ್ ಓಡಿಸುವುದಿಲ್ಲ. ಎರಡನೆಯದು, ಹಿಂದಕ್ಕೆ ಹೋಗದಂತೆ ತಡೆ. ಹೊಸ ಫರ್ಮ್‌ವೇರ್ ಒಮ್ಮೆ ಕೂತರೆ ಹಳೆಯದನ್ನು ಮತ್ತೆ ಹಾಕಲು ಬಿಡುವುದಿಲ್ಲ. ಮೂರನೆಯದು ಸರ್ವರ್. ಲಾಗಿನ್ ಆಗುವಾಗ ಕನ್ಸೋಲ್ ತನ್ನ ಆವೃತ್ತಿ ಯಾವುದೆಂದು ಹೇಳಬೇಕು, ಹಳೆಯದಾದರೆ ಬಾಗಿಲು ತೆರೆಯುವುದಿಲ್ಲ. ಹೊಸ ಆಟದ ಡಿಸ್ಕ್ ಕೂಡ ‘ಇಂಥ ಆವೃತ್ತಿ ಇದ್ದರೆ ಮಾತ್ರ’ ಎಂದು ಷರತ್ತು ಹಾಕುತ್ತದೆ.

ಒಂದೊಂದನ್ನೇ ನೋಡಿದರೆ ಪ್ರತಿಯೊಂದಕ್ಕೂ ಒಳ್ಳೆಯ ಕಾರಣವಿದೆ. ಸಹಿ ಇಲ್ಲದಿದ್ದರೆ ವೈರಸ್ ನುಗ್ಗುತ್ತದೆ. ಹಿಂದಕ್ಕೆ ಹೋಗಲು ಬಿಟ್ಟರೆ ಮುಚ್ಚಿದ ತೂತು ಮತ್ತೆ ತೆರೆಯುತ್ತದೆ. ಆವೃತ್ತಿ ಕೇಳದಿದ್ದರೆ ಆನ್‌ಲೈನ್ ಆಟದಲ್ಲಿ ಮೋಸಗಾರರು ತುಂಬುತ್ತಾರೆ. ಮೂರೂ ಒಂದೇ ಕೈಯಲ್ಲಿ ಸೇರಿದಾಗ ಮಾತ್ರ ಮಾರಾಟ ಅನ್ನುವುದರ ಅರ್ಥವೇ ಬದಲಾಗುತ್ತದೆ. ದುಡ್ಡು ಕೊಟ್ಟ ದಿನಕ್ಕೆ ಮಾರಾಟ ಮುಗಿಯುವುದಿಲ್ಲ, ವಸ್ತು ಏನು ಅನ್ನುವುದನ್ನು ಮಾರಿದವರು ಆಮೇಲೂ ತೀರ್ಮಾನಿಸುತ್ತಲೇ ಇರುತ್ತಾರೆ.

ಇದಕ್ಕೆ ಕಾಗದದ ಬಲ ಕೊಡುವುದು ನಾವು ಓದದೆ ‘ಒಪ್ಪಿದೆ’ ಒತ್ತುವ ಒಪ್ಪಂದ. ಅದರ ಪ್ರಕಾರ ಪೆಟ್ಟಿಗೆ ನಿಮ್ಮದು, ಒಳಗಿನ ಸಾಫ್ಟ್‌ವೇರ್ ನಿಮ್ಮದಲ್ಲ. ಅದನ್ನು ಬಳಸಲು ಲೈಸೆನ್ಸ್ ಮಾತ್ರ ಕೊಟ್ಟಿದ್ದಾರೆ, ಅದನ್ನು ಬದಲಿಸುವ ಹಕ್ಕು ಅವರ ಹತ್ತಿರವೇ ಇದೆ. ಸಾಫ್ಟ್‌ವೇರ್ ಇಲ್ಲದ ಕನ್ಸೋಲ್ ಬಾಗಿಲು ಒತ್ತಲು ಇಡುವ ಕಲ್ಲಿಗೆ ಸಮ, ಅದು ಬೇರೆ ಮಾತು.

ಬೆಂಗಳೂರಿಗೆ ಈ ಕಥೆಯಲ್ಲಿ ಎರಡು ಪಾತ್ರ. ಹೊರ ವರ್ತುಲ ರಸ್ತೆಯ ಆಫೀಸುಗಳಲ್ಲಿ ‘ಈ ಫೀಚರ್ ಡೆಪ್ರಿಕೇಟ್ ಮಾಡೋಣ’, ‘ಮುಂದಿನ ಕ್ವಾರ್ಟರ್‌ಗೆ ಸನ್‌ಸೆಟ್’ ಅನ್ನುವುದು ದಿನದ ಮಾತು. ಬಳಸುವವರು ಕಡಿಮೆ, ನಿಭಾಯಿಸುವ ಖರ್ಚು ಜಾಸ್ತಿ, ತೆಗೆದುಬಿಡಿ. ಮೀಟಿಂಗ್ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಸಂಜೆ ಮನೆಗೆ ಬಂದು ಕನ್ಸೋಲ್ ಹಚ್ಚಿದಾಗ ಅದೇ ಎಂಜಿನಿಯರ್ ಗ್ರಾಹಕ. ಯಾವುದೋ ಊರಿನ ಇನ್ನೊಂದು ಮೀಟಿಂಗ್‌ನ ಸನ್‌ಸೆಟ್ ಆಗ ಅವರ ಟಿವಿಯಲ್ಲಿ ಕಾಣಿಸುತ್ತದೆ.

ಕಂಪನಿಗಳು ಕೊಡುವ ಕಾರಣ

ಕಂಪನಿಗಳೆಲ್ಲ ಸುಮ್ನೆ ದುರಾಸೆಯಿಂದ ಮಾಡುತ್ತವೆ ಅಂದರೆ ಅರ್ಧ ಸತ್ಯ ಬಿಟ್ಟಂತೆ.

ಕೆಲವು ಸಲ ಸೌಲಭ್ಯ ಕಂಪನಿಯ ಕೈಯಲ್ಲೇ ಇರುವುದಿಲ್ಲ. ಆಟದ ಚಿತ್ರಗಳನ್ನು ಕನ್ಸೋಲ್‌ನಿಂದಲೇ ಟ್ವಿಟರ್‌ಗೆ ಹಾಕುವ ಸೌಲಭ್ಯ ನೆನಪಿರಬಹುದು. 2023ರಲ್ಲಿ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಅದನ್ನು ತೆಗೆಯಿತು. ಅದೇ ನವೆಂಬರ್‌ನಲ್ಲಿ ಪ್ಲೇಸ್ಟೇಷನ್, 2024ರ ಜೂನ್‌ನಲ್ಲಿ ನಿಂಟೆಂಡೊ ಸ್ವಿಚ್ ಕೂಡ ತೆಗೆದವು. ಟ್ವಿಟರ್ ತನ್ನ ಸಂಪರ್ಕ ಬಳಸಲು ದೊಡ್ಡ ಶುಲ್ಕ ಕೇಳಲು ಶುರುಮಾಡಿದ ಮೇಲೆ ನಡೆದದ್ದು ಇದು. ಇದಕ್ಕೆ ಸೋನಿಯನ್ನೋ ಮೈಕ್ರೋಸಾಫ್ಟನ್ನೋ ಬೈಯುವುದು ಅಷ್ಟು ನ್ಯಾಯವಲ್ಲ.

ಇನ್ನು ಕೆಲವು ಸಲ ಹಕ್ಕಿನ ಒಪ್ಪಂದ ಮುಗಿದಿರುತ್ತದೆ. ಡಿಸ್ಕವರಿ ಕಾರ್ಯಕ್ರಮಗಳನ್ನು ಪ್ಲೇಸ್ಟೇಷನ್ ಅಂಗಡಿಯಲ್ಲಿ ‘ಕೊಂಡವರ’ ಖಾತೆಯಿಂದ ಅಳಿಸುತ್ತೇವೆ ಎಂದು 2023ರ ಡಿಸೆಂಬರ್ ಮೊದಲಿಗೆ ಸೋನಿ ಹೇಳಿತು. ಜನ ರೊಚ್ಚಿಗೆದ್ದರು. ತಿಂಗಳು ಮುಗಿಯುವುದರೊಳಗೆ ಹೊಸ ಒಪ್ಪಂದವಾಗಿ, ಇನ್ನೂ ಕನಿಷ್ಠ 30 ತಿಂಗಳು ಇರುತ್ತದೆ ಎಂಬ ಮಾತು ಬಂತು. ಕೊಂಡದ್ದಕ್ಕೆ ಅವಧಿ ಹೇಳುವುದೇ ಒಂದು ತಮಾಷೆ, ಅಲ್ವಾ? ಬಾಡಿಗೆಗೆ ತಾನೇ ಅವಧಿ ಇರುವುದು.

ಸರ್ವರ್ ನಡೆಸಲು ನಿಜಕ್ಕೂ ದುಡ್ಡು ಬೇಕು. ಆಡುವವರು ಬೆರಳೆಣಿಕೆಯಷ್ಟಾದ ಮೇಲೂ ನಡೆಸಿ ಅನ್ನುವುದು ಹೆಚ್ಚಾಗುತ್ತದೆ. ಭದ್ರತೆಯ ತೂತು ಒಂದು ಸೌಲಭ್ಯದೊಳಗೇ ಇದ್ದಾಗ ಅದನ್ನು ಮುಚ್ಚದೆ ಬಿಟ್ಟರೆ ಉಳಿದ ಗ್ರಾಹಕರಿಗೆ ಅನ್ಯಾಯ. ಪೈರಸಿ ಹೆಚ್ಚಿದರೆ ಆಟ ಮಾಡುವ ಸಣ್ಣ ಸ್ಟುಡಿಯೋಗಳಿಗೆ ಮೊದಲ ಏಟು.

ಈ ಕಾರಣಗಳನ್ನೆಲ್ಲ ಒಪ್ಪಿಕೊಂಡರೂ ಒಂದು ಪ್ರಶ್ನೆ ಅಲ್ಲೇ ಉಳಿಯುತ್ತದೆ. ತೆಗೆಯಲು ಕಾರಣ ಇದೆಯಾ ಅನ್ನುವುದು ಒಂದು ವಿಷಯ, ತೆಗೆದ ನಷ್ಟ ಯಾರು ಹೊರಬೇಕು ಅನ್ನುವುದು ಇನ್ನೊಂದು. ಕಂಪನಿಗಳು ಮೊದಲನೆಯದಕ್ಕೆ ಉತ್ತರ ಕೊಟ್ಟು ಎರಡನೆಯದಕ್ಕೂ ಅದೇ ಉತ್ತರ ಅನ್ನುವಂತೆ ನಡೆದುಕೊಳ್ಳುತ್ತವೆ. ಅಗತ್ಯವಿದ್ದರೆ ತೆಗೆಯಲಿ, ಆದರೆ ಅದರ ಬೆಲೆಯನ್ನು ಗ್ರಾಹಕರ ತಲೆಗೆ ಯಾಕೆ ಕಟ್ಟಬೇಕು? ಬೇರೆ ಥರ ನಡೆದುಕೊಳ್ಳಲು ಆಗುತ್ತದೆ ಅನ್ನುವುದಕ್ಕೆ ಉದಾಹರಣೆಯೂ ಇದೆ. ಗೂಗಲ್ ತನ್ನ ಸ್ಟೇಡಿಯಾ ಎಂಬ ಆನ್‌ಲೈನ್ ಗೇಮ್ ಸೇವೆಯನ್ನು 2023ರ ಜನವರಿ 18ಕ್ಕೆ ಮುಚ್ಚಿದಾಗ, ತನ್ನ ಅಂಗಡಿಯಿಂದ ಕೊಂಡ ಯಂತ್ರಕ್ಕೂ ಆಟಗಳಿಗೂ ಹಣ ವಾಪಸ್ ಕೊಟ್ಟಿತು. ಅದು ಒಳ್ಳೆಯತನವೋ ಹೆಸರು ಉಳಿಸಿಕೊಳ್ಳುವ ಲೆಕ್ಕಾಚಾರವೋ, ದುಡ್ಡಂತೂ ಬಂತು.

ಎಂಟು ವರ್ಷದ ಕೇಸು, ಕೊನೆಗೆ ಪುಡಿಗಾಸು

ಅದರ್ ಓಎಸ್ ವಿಷಯ ಅಮೆರಿಕದ ಕೋರ್ಟಿಗೆ ಹೋಗಿದ್ದು ಅದೇ 2010ರ ಏಪ್ರಿಲ್‌ನಲ್ಲಿ. ಎಲ್ಲ ಗ್ರಾಹಕರ ಪರವಾಗಿ ಹಾಕಿದ ಸಾಮೂಹಿಕ ಮೊಕದ್ದಮೆ ಅದು. ಕ್ಯಾಲಿಫೋರ್ನಿಯಾದ ಫೆಡರಲ್ ಕೋರ್ಟ್ 2011ರಲ್ಲಿ ಎರಡು ಹಂತದಲ್ಲಿ ಆರೋಪಗಳನ್ನೆಲ್ಲ ತಳ್ಳಿಹಾಕಿತು. 2014ರ ಜನವರಿಯಲ್ಲಿ ಮೇಲ್ಮನವಿ ಕೋರ್ಟ್ ಕೆಲವಕ್ಕೆ ಮತ್ತೆ ಜೀವ ಕೊಟ್ಟಿತು. 2016ರಲ್ಲಿ ಒಂದು ರಾಜಿ ಸೂತ್ರ ಬಂತು: ಲಿನಕ್ಸ್ ಬಳಸಿದ್ದನ್ನು ತೋರಿಸಿದವರಿಗೆ 55 ಡಾಲರ್, ಉಳಿದವರಿಗೆ 9. ಜಡ್ಜ್ ಅದನ್ನು ಒಪ್ಪಲಿಲ್ಲ. 2018ರಲ್ಲಿ ಮತ್ತೊಂದು ರಾಜಿಯಾಯಿತು. ಒಟ್ಟು 37.5 ಲಕ್ಷ ಡಾಲರ್, ತಲೆಗೆ ಹೆಚ್ಚೆಂದರೆ 65 ಡಾಲರ್, ಅದೂ ಅರ್ಜಿ ಹಾಕಿದವರಿಗೆ ಮಾತ್ರ.

ಎಂಟು ವರ್ಷ ಕಳೆದಿತ್ತು. ಅಷ್ಟರಲ್ಲಿ ಪ್ಲೇಸ್ಟೇಷನ್ 4 ಬಂದು ಹಳತಾಗಿತ್ತು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅನ್ನುವ ಗಾದೆಗೆ ಇಷ್ಟು ಸರಿಯಾಗಿ ಹೊಂದುವ ಕೇಸು ಸಿಗುವುದು ಅಪರೂಪ.

ಸೋನಿ ಆ ನಡುವೆ ಇನ್ನೊಂದು ಹೆಜ್ಜೆ ಇಟ್ಟಿತ್ತು. 2011ರ ಸೆಪ್ಟೆಂಬರ್‌ನಲ್ಲಿ ತನ್ನ ಆನ್‌ಲೈನ್ ಸೇವೆಯ ಷರತ್ತು ಬದಲಿಸಿ, ಇನ್ನು ಮುಂದೆ ಸಾಮೂಹಿಕ ಮೊಕದ್ದಮೆ ಹಾಕುವಂತಿಲ್ಲ, ಕೋರ್ಟಿನ ಬದಲು ಒಬ್ಬೊಬ್ಬರೇ ಖಾಸಗಿ ಮಧ್ಯಸ್ಥಿಕೆಗೆ ಬರಬೇಕು ಎಂದು ಸೇರಿಸಿತು. ಅಮೆರಿಕದ ಸುಪ್ರೀಂ ಕೋರ್ಟ್ ಅದೇ ವರ್ಷದ ಏಪ್ರಿಲ್‌ನಲ್ಲಿ ಇಂಥ ಷರತ್ತುಗಳಿಗೆ ದಾರಿ ಮಾಡಿಕೊಟ್ಟಿತ್ತು. 9 ಡಾಲರ್ ನಷ್ಟಕ್ಕೆ ಒಬ್ಬೊಬ್ಬರೇ ವಕೀಲರನ್ನು ಹಿಡಿಯುವುದಿಲ್ಲ ಅನ್ನುವುದು ಎಲ್ಲರಿಗೂ ಗೊತ್ತು. ಕೇಸೇ ಬರದಿದ್ದರೆ ಸೌಲಭ್ಯ ತೆಗೆಯಲು ಖರ್ಚೂ ಇಲ್ಲ.

ಬ್ರಿಟನ್‌ನಲ್ಲಿ ಒಬ್ಬ ಗ್ರಾಹಕರು ಇನ್ನೊಂದು ದಾರಿ ಹಿಡಿದರು. ಕಂಪನಿಯ ತಂಟೆಗೆ ಹೋಗದೆ, ಮಾರಿದ ಅಮೆಜಾನ್‌ಗೆ ಪತ್ರ ಬರೆದರು: ಮಾರುವಾಗ ಹೇಳಿದ ಗುಣ ವಸ್ತುವಿನಲ್ಲಿ ಈಗ ಇಲ್ಲ. ಯುರೋಪಿನ ಗ್ರಾಹಕ ನಿಯಮ ಆಗ ಮಾರಿದವರನ್ನೇ ಹೊಣೆ ಮಾಡುತ್ತಿತ್ತು. ಕನ್ಸೋಲ್ ವಾಪಸ್ ಕೊಡದೆಯೇ ಅವರಿಗೆ ಸುಮಾರು 84 ಪೌಂಡ್ ಬಂತು. ಕೋರ್ಟಿನ ಮೆಟ್ಟಿಲು ಹತ್ತುವ ಅಗತ್ಯವೇ ಬೀಳಲಿಲ್ಲ.

ಆ ಯುರೋಪ್ ಈಗ ಇನ್ನೂ ಒಂದು ಹೆಜ್ಜೆ ಮುಂದಿದೆ. 2022ರ ಜನವರಿಯಿಂದ ಜಾರಿಯಲ್ಲಿರುವ ಡಿಜಿಟಲ್ ಸೇವೆಗಳ ನಿಯಮದಂತೆ, ಕೊಟ್ಟ ಸೇವೆಯನ್ನು ಬದಲಿಸಲು ಒಪ್ಪಂದದಲ್ಲೇ ಕಾರಣ ಬರೆದಿರಬೇಕು. ಬದಲಾವಣೆಯಿಂದ ಗ್ರಾಹಕರಿಗೆ ಸಣ್ಣಪುಟ್ಟದ್ದಲ್ಲದ ತೊಂದರೆಯಾದರೆ 30 ದಿನದೊಳಗೆ ಒಪ್ಪಂದ ಬಿಟ್ಟು ಹೊರಬರುವ ಹಕ್ಕಿದೆ. ಮುಚ್ಚಿಹೋಗುವ ಆಟಗಳನ್ನು ಆಡುವ ಸ್ಥಿತಿಯಲ್ಲಿ ಬಿಟ್ಟುಹೋಗಿ ಎಂದು ಕೇಳುವ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿ ‘ದಿ ಕ್ರೂ’ ಮುಚ್ಚಿದ ಬೆನ್ನಲ್ಲೇ ಹುಟ್ಟಿತು. 2025ರ ಜುಲೈನಲ್ಲಿ ಅದರ ಯುರೋಪಿಯನ್ ಮನವಿ 10 ಲಕ್ಷ ಸಹಿ ದಾಟಿತು. ಹಾಗೆ ಮಾಡಿದರೆ ಆಟ ತಯಾರಿಸುವ ಖರ್ಚು ಮಿತಿಮೀರುತ್ತದೆ ಅನ್ನುವುದು ಅಲ್ಲಿನ ಉದ್ಯಮ ಸಂಘಟನೆಯ ಉತ್ತರ. ಕ್ಯಾಲಿಫೋರ್ನಿಯಾ ಹಿಡಿದಿದ್ದು ಮೆತ್ತಗಿನ ದಾರಿ. 2025ರ ಜನವರಿಯಿಂದ ಅಲ್ಲಿ ಡಿಜಿಟಲ್ ಸರಕನ್ನು ‘ಕೊಳ್ಳಿ’ ಎಂದು ಮಾರುವವರು, ಇದು ಲೈಸೆನ್ಸ್ ಮಾತ್ರ ಎಂದು ಹೇಳಬೇಕು. ಕಿತ್ತುಕೊಳ್ಳುವುದನ್ನು ತಡೆಯುವುದಿಲ್ಲ, ಮೊದಲೇ ಹೇಳಿ ಕಿತ್ತುಕೊಳ್ಳಿ ಅನ್ನುತ್ತದೆ.

ನಮ್ಮ ಕಾನೂನಿನಲ್ಲಿ ಏನಿದೆ

ಇಲ್ಲಿ ಸ್ವಲ್ಪ ನಿಲ್ಲಬೇಕು. ‘ನಮ್ಮಲ್ಲಿ ಇದಕ್ಕೆಲ್ಲ ಕಾನೂನು ಎಲ್ಲಿದೆ’ ಎಂಬ ಮಾತು ಜಾಸ್ತಿ ಕೇಳಿಬರುತ್ತದೆ, ಆದರೆ ಅದು ಪೂರ್ತಿ ಸರಿಯಲ್ಲ.

ಗ್ರಾಹಕ ಸಂರಕ್ಷಣಾ ಕಾಯ್ದೆ 2019ರದು, 2020ರ ಜುಲೈ 20ರಿಂದ ಜಾರಿಗೆ ಬಂತು. ಅದರಲ್ಲಿ ‘ದೋಷ’ ಎಂಬ ಪದಕ್ಕೆ ಕೊಟ್ಟ ಅರ್ಥ ದೊಡ್ಡದು. ಕಾನೂನೋ ಒಪ್ಪಂದವೋ ಕೇಳುವ ಗುಣಮಟ್ಟ ಇಲ್ಲದಿದ್ದರೆ ದೋಷ. ಮಾರುವವರು ‘ಯಾವುದೇ ರೀತಿಯಲ್ಲಿ’ ಹೇಳಿಕೊಂಡ ಗುಣಮಟ್ಟ ಇಲ್ಲದಿದ್ದರೂ ದೋಷವೇ. ಡಬ್ಬದ ಮೇಲಿನ ಸಾಲು, ವೆಬ್‌ಸೈಟಿನ ಚಿತ್ರ, ಟಿವಿ ಜಾಹೀರಾತು ಎಲ್ಲವೂ ಇದರೊಳಗೆ ಬರಬಹುದು. ಆದರೆ ಕೊಂಡ ದಿನ ಇದ್ದ ಗುಣ ಆಮೇಲೆ ಹೋದರೆ ಅದನ್ನು ವಸ್ತುವಿನ ದೋಷ ಅನ್ನುತ್ತಾರಾ? ಕಂಪನಿಯ ವಕೀಲರು ಹಿಡಿಯುವ ಎಳೆ ಇದೇ. ಗ್ರಾಹಕರ ಕಡೆಯವರು ಅದನ್ನು ಸೇವೆಯ ಕೊರತೆ ಎಂದೂ ವಾದಿಸಬಹುದು, ಅಪ್‌ಡೇಟ್ ಕೊಡುವುದೂ ಸೇವೆ ತಾನೇ.

ಕಾಯ್ದೆಯಲ್ಲಿರುವ ಇನ್ನೂ ಹರಿತವಾದ ಆಯುಧ ‘ಅನ್ಯಾಯದ ಒಪ್ಪಂದ’. ಸರಿಯಾದ ಕಾರಣವಿಲ್ಲದೆ ಒಂದೇ ಕಡೆಯವರು ಒಪ್ಪಂದ ಮುರಿಯಬಹುದು ಎಂಬ ಷರತ್ತು, ಗ್ರಾಹಕರಿಗೆ ನಷ್ಟ ತರುವ ಅತಿಯಾದ ಷರತ್ತು, ಇವೆರಡೂ ಆ ಪಟ್ಟಿಯಲ್ಲಿವೆ. ‘ಯಾವಾಗ ಬೇಕಾದರೂ ಯಾವ ಫೀಚರ್ ಬೇಕಾದರೂ ತೆಗೆಯುತ್ತೇವೆ’ ಎಂಬ ಸಾಲನ್ನು ಇದರ ಎದುರು ಇಟ್ಟು ನೋಡಿ. ಆದರೆ ಒಂದು ತೊಡಕಿದೆ. ಅನ್ಯಾಯದ ಒಪ್ಪಂದದ ದೂರು ಕೇಳುವ ಅಧಿಕಾರ ಜಿಲ್ಲಾ ಗ್ರಾಹಕ ಆಯೋಗಕ್ಕಿಲ್ಲ. ರಾಜ್ಯ ಆಯೋಗಕ್ಕೋ ರಾಷ್ಟ್ರೀಯ ಆಯೋಗಕ್ಕೋ ಹೋಗಬೇಕು. ಅಂದರೆ ಫೀಚರ್ ಹೋಯಿತು ಎಂದು ಪರಿಹಾರ ಕೇಳುವವರು ಜಿಲ್ಲಾ ಆಯೋಗಕ್ಕೆ, ಆ ಷರತ್ತೇ ತಪ್ಪು ಅನ್ನುವವರು ಹೈಗ್ರೌಂಡ್ಸ್‌ನ ಬಸವ ಭವನದಲ್ಲಿರುವ ರಾಜ್ಯ ಆಯೋಗಕ್ಕೆ. ಒಂದೇ ಅಪ್‌ಡೇಟ್, ಎರಡು ವಿಳಾಸ.

ಕಾಯ್ದೆಯಲ್ಲಿ ಉತ್ಪನ್ನ ಹೊಣೆಗಾರಿಕೆಯ ಅಧ್ಯಾಯವೂ ಇದೆ, ಓದಿದರೆ ಇದೇ ದಾರಿ ಅನ್ನಿಸುತ್ತದೆ. ಅಲ್ಲ. ಅಲ್ಲಿ ‘ಹಾನಿ’ ಅಂದರೆ ಆ ವಸ್ತುವಿಗೇ ಆದ ಹಾನಿ ಸೇರುವುದಿಲ್ಲ. ಕನ್ಸೋಲ್ ಸಿಡಿದು ಸೋಫಾ ಸುಟ್ಟರೆ ಅದು ಬರುತ್ತದೆ, ಕನ್ಸೋಲ್‌ನ ಒಂದು ಫೀಚರ್ ಹೋದರೆ ಬರುವುದಿಲ್ಲ.

ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಮನ್ನೂ ಕೆಲವರು ತೋರಿಸುತ್ತಾರೆ. ಮಾಲೀಕರ ಅನುಮತಿ ಇಲ್ಲದೆ ಕಂಪ್ಯೂಟರ್‌ಗೆ ಕೈಹಾಕಿದರೆ ಪರಿಹಾರ ಕೊಡಬೇಕು ಅನ್ನುತ್ತದೆ ಅದು. ಆದರೆ ‘ಒಪ್ಪಿದೆ’ ಒತ್ತಿದಾಗ ಅನುಮತಿ ಕೊಟ್ಟಂತಾಯಿತು ಎಂಬ ಉತ್ತರ ತಯಾರಾಗಿಯೇ ಇರುತ್ತದೆ. ಅಮೆರಿಕದಲ್ಲಿ ಇದೇ ಬಗೆಯ ಕಂಪ್ಯೂಟರ್ ಕಾನೂನಿನ ವಾದವನ್ನು ಸೋನಿ ಕೇಸಿನಲ್ಲಿ ಹೂಡಿದ್ದರು, ಕೆಳ ಕೋರ್ಟಿನಲ್ಲಿ ಅದು ನಿಲ್ಲಲಿಲ್ಲ.

ನಮಗೆ ಅನುಕೂಲವಾದ ಒಂದು ವ್ಯತ್ಯಾಸ ಇದೆ. ಒಪ್ಪಂದದಲ್ಲಿ ಮಧ್ಯಸ್ಥಿಕೆಯ ಷರತ್ತು ಇದ್ದರೂ ಗ್ರಾಹಕ ಆಯೋಗದ ಬಾಗಿಲು ಮುಚ್ಚುವುದಿಲ್ಲ ಅನ್ನುವುದನ್ನು ಸುಪ್ರೀಂ ಕೋರ್ಟ್ 2018ರ ಡಿಸೆಂಬರ್‌ನಲ್ಲಿ ಎಮಾರ್ ಎಂಜಿಎಫ್ ಎಂಬ ಬಿಲ್ಡರ್ ಕಂಪನಿಯ ಪ್ರಕರಣದಲ್ಲಿ ಗಟ್ಟಿ ಮಾಡಿದೆ. ಒಂದೇ ಬಗೆಯ ತೊಂದರೆ ಆದ ಹಲವರು ಆಯೋಗದ ಅನುಮತಿ ಪಡೆದು ಒಟ್ಟಿಗೆ ದೂರು ಕೊಡಲೂ ಅವಕಾಶವಿದೆ. ಅಮೆರಿಕದ ಗ್ರಾಹಕರಿಗೆ ಮುಚ್ಚಿಹೋದ ಎರಡು ಬಾಗಿಲೂ ಇಲ್ಲಿ ತೆರೆದಿವೆ. ಒಳಗೆ ಹೋದವರು ಕಡಿಮೆ.

ಅಪ್‌ಡೇಟ್‌ನಿಂದ ಫೋನ್ ಹಾಳಾಯಿತು ಎಂಬ ದೂರನ್ನು ಸರ್ಕಾರ ಕಿವಿಗೆ ಹಾಕಿಕೊಂಡ ಉದಾಹರಣೆಯೂ ಇದೆ. ಐಓಎಸ್ 18 ಎಂಬ ಅಪ್‌ಡೇಟ್ ಹಾಕಿಕೊಂಡ ಮೇಲೆ ಐಫೋನ್ ನಿಧಾನವಾಯಿತು ಎಂದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರುಗಳು ಬಂದವು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆಪಲ್‌ಗೆ ನೋಟಿಸ್ ಕೊಟ್ಟಿದೆ ಎಂದು 2025ರ ಜನವರಿಯಲ್ಲಿ ತಿಳಿಸಿದವರು ಧಾರವಾಡದ ಸಂಸದ, ಕೇಂದ್ರ ಸಚಿವ ಪ್ರಲ್ಹಾದ ಜೋಶಿ. ಆ ಪ್ರಾಧಿಕಾರಕ್ಕೆ ಒಬ್ಬೊಬ್ಬರ ದೂರಿಗೆ ಕಾಯದೆ ಇಡೀ ಗ್ರಾಹಕ ವರ್ಗದ ಪರ ನಿಲ್ಲುವ ಅಧಿಕಾರವಿದೆ. ಕೈಯಿಂದ ಕಿತ್ತುಕೊಂಡ ಫೀಚರ್‌ಗಳನ್ನು ಅದು ಎತ್ತಿಕೊಂಡರೆ ಚಿತ್ರವೇ ಬದಲಾಗುತ್ತದೆ.

ಅಪಾರ್ಟ್‌ಮೆಂಟ್ ಬ್ರೋಷರ್ ಮತ್ತು ಕನ್ಸೋಲ್ ಡಬ್ಬ

ಬೆಂಗಳೂರಿನವರಿಗೆ ಇದಕ್ಕೆ ಹತ್ತಿರದ ಅನುಭವ ಗೇಮ್ ಲೋಕದಲ್ಲಿಲ್ಲ, ಅಪಾರ್ಟ್‌ಮೆಂಟ್‌ಗಳಲ್ಲಿದೆ. ಬ್ರೋಷರ್‌ನಲ್ಲಿ ಈಜುಕೊಳ, ಕ್ಲಬ್‌ಹೌಸ್, ಹಸಿರು ಹುಲ್ಲು. ಆಮೇಲೆ ನೋಡಿದರೆ ಹುಲ್ಲಿನ ಜಾಗದಲ್ಲಿ ಇನ್ನೊಂದು ಟವರ್. ‘ಬ್ರೋಷರ್ ಬರೀ ಕಲ್ಪನೆ, ಕೆಳಗೆ ಸಣ್ಣಕ್ಷರದಲ್ಲಿ ಬರೆದಿದೆ ನೋಡಿ’ ಎಂಬ ಉತ್ತರ ವರ್ಷಗಟ್ಟಲೆ ನಡೆಯಿತು.

2016ರ ರಿಯಲ್ ಎಸ್ಟೇಟ್ ಕಾಯ್ದೆ ರೇರಾ ಆ ಉತ್ತರಕ್ಕೆ ತಡೆ ಹಾಕಿತು. ಜಾಹೀರಾತೋ ಕರಪತ್ರವೋ ನಂಬಿ ದುಡ್ಡು ಕೊಟ್ಟು ನಷ್ಟವಾದರೆ ಬಿಲ್ಡರ್ ಪರಿಹಾರ ಕೊಡಬೇಕು ಅನ್ನುತ್ತದೆ 12ನೇ ಕಲಂ. ಒಪ್ಪಿಗೆಯಾದ ಯೋಜನೆಯ ನಕ್ಷೆ, ಸಾಮಾನ್ಯ ಜಾಗ ಬದಲಿಸಲು ಕೊಂಡವರಲ್ಲಿ ಮೂರರಲ್ಲಿ ಎರಡು ಭಾಗದವರ ಲಿಖಿತ ಒಪ್ಪಿಗೆ ಬೇಕು ಅನ್ನುತ್ತದೆ 14ನೇ ಕಲಂ. ಜಾರಿ ಎಷ್ಟು ಚುರುಕಾಗಿದೆ ಅನ್ನುವುದನ್ನು ಮನೆ ಕೊಂಡವರನ್ನೇ ಕೇಳಿ. ಆದರೆ ತತ್ವ ನೇರವಾಗಿದೆ: ಬ್ರೋಷರ್ ತೋರಿಸಿ ದುಡ್ಡು ತೆಗೆದುಕೊಂಡರೆ ಬ್ರೋಷರ್‌ಗೂ ಬೆಲೆ ಇದೆ, ಬದಲಿಸಬೇಕಾದರೆ ಕೊಂಡವರನ್ನು ಕೇಳು.

ಕನ್ಸೋಲ್ ಡಬ್ಬಕ್ಕೂ ಇಷ್ಟೇ ಸಾಕು. ಲಕ್ಷಾಂತರ ಗ್ರಾಹಕರ ಸಹಿ ಸಂಗ್ರಹಿಸಿ ಅಂತ ಯಾರೂ ಹೇಳುವುದಿಲ್ಲ. ಬರೆದ ಫೀಚರ್ ಎಷ್ಟು ವರ್ಷ ಇರುತ್ತದೆ ಎಂದು ಡಬ್ಬದ ಮೇಲೆ ಹಾಕಲಿ. ಅದಕ್ಕೂ ಮೊದಲೇ ತೆಗೆದರೆ ಬೆಲೆಯ ಒಂದು ಪಾಲು ವಾಪಸ್ ಕೊಡಲಿ. ಭದ್ರತೆಯ ತೇಪೆಯನ್ನೂ ಫೀಚರ್ ತೆಗೆಯುವುದನ್ನೂ ಒಂದೇ ಅಪ್‌ಡೇಟ್‌ನಲ್ಲಿ ಕಟ್ಟಿ ‘ಬೇಕಾದರೆ ತಗೊಳ್ಳಿ’ ಅನ್ನುವುದು ನಿಲ್ಲಲಿ. ಮೊದಲನೆಯದು ಸುಲಭ ಅನ್ನಿಸಬಹುದು, ಆದರೆ ಅದೂ ಈಗ ನಡೆಯುತ್ತಿಲ್ಲ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ನ ಸಿಬ್ಬಂದಿ 2024ರಲ್ಲಿ 184 ಸ್ಮಾರ್ಟ್ ಸಾಧನಗಳ ವೆಬ್ ಪುಟ ನೋಡಿದರು. ಸಾಫ್ಟ್‌ವೇರ್ ಬೆಂಬಲ ಎಷ್ಟು ಕಾಲ ಎಂದು ಸುಮಾರು 89 ಶೇಕಡದಷ್ಟು ಪುಟಗಳಲ್ಲಿ ಬರೆದೇ ಇರಲಿಲ್ಲ.

ಬಿಲ್ ಇದೆಯಾ?

ಈಗಿರುವ ಕಾನೂನಿನಲ್ಲೇ ಮುಂದೆ ಹೋಗುವವರಿಗೆ ದಾರಿ ಅಷ್ಟು ದುಬಾರಿಯೇನೂ ಅಲ್ಲ. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ದಾಟದಿದ್ದರೆ ದೂರಿಗೆ ಶುಲ್ಕವಿಲ್ಲ. 2021ರಲ್ಲಿ 49,990 ರೂಪಾಯಿಗೆ ಬಂದ ಪ್ಲೇಸ್ಟೇಷನ್ 5 ಇದರೊಳಗೆ ಆರಾಮಾಗಿ ಬರುತ್ತದೆ. ಕಂಪನಿ ಎಲ್ಲೇ ಇರಲಿ, ದೂರುದಾರರು ಇರುವ ಊರಿನ ಆಯೋಗದಲ್ಲೇ ಕೊಡಬಹುದು, ಆನ್‌ಲೈನ್‌ನಲ್ಲೂ ಆಗುತ್ತದೆ. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿದರೆ ಸಹಾಯವಾಣಿಯವರು ಕಂಪನಿಯ ಜೊತೆ ಮಾತಾಡಿಸಲು ನೋಡುತ್ತಾರೆ. ದೂರಿಗೆ ಎರಡು ವರ್ಷದ ಗಡುವಿದೆ. ತೊಂದರೆ ಹುಟ್ಟಿದ ದಿನದಿಂದ ಎಣಿಕೆ, ಹಾಗಾಗಿ ಫೀಚರ್ ಹೋದ ದಿನವನ್ನೇ ಲೆಕ್ಕಕ್ಕೆ ಹಿಡಿಯಬೇಕು ಎಂದು ವಾದಿಸಲು ಜಾಗವಿದೆ.

ಸಾಕ್ಷಿ ಮಾತ್ರ ಗಟ್ಟಿಯಾಗಿರಬೇಕು. ಕಂಪನಿಯ ವೆಬ್‌ಸೈಟ್ ಅಪ್‌ಡೇಟ್ ಬಂದ ದಿನವೇ ಬದಲಾಗಿಬಿಡುತ್ತದೆ, ಹಳೆಯ ಸಾಲು ಆಮೇಲೆ ಸಿಗುವುದಿಲ್ಲ. ಕೊಳ್ಳುವಾಗಿನ ಪುಟದ ಸ್ಕ್ರೀನ್‌ಶಾಟ್, ಡಬ್ಬದ ಹಿಂಬದಿಯ ಫೋಟೋ, ಅಪ್‌ಡೇಟ್‌ಗೆ ಮುಂಚೆ ತೋರಿಸಿದ ಸೂಚನೆ, ಇವಿಷ್ಟು ಇದ್ದರೆ ವಾದಕ್ಕೆ ಕಾಲು ಬರುತ್ತದೆ.

ಕಾಲೇ ಇಲ್ಲದವರೂ ಈ ಊರಿನಲ್ಲಿ ಬಹಳ ಮಂದಿ. ನಿಂಟೆಂಡೊ ಭಾರತದಲ್ಲಿ ಅಧಿಕೃತವಾಗಿ ಕನ್ಸೋಲ್ ಮಾರುವುದಿಲ್ಲ. ಇಲ್ಲಿರುವ ಸ್ವಿಚ್‌ಗಳೆಲ್ಲ ದುಬೈನಿಂದಲೋ ಸಿಂಗಪುರದಿಂದಲೋ ಬಂದವು, ನೆಂಟರ ಸೂಟ್‌ಕೇಸಿನಲ್ಲೋ ಅಂಗಡಿಯವರ ಮಾಲಿನಲ್ಲೋ. ಇಲ್ಲಿ ಕಂಪನಿಯ ಕಚೇರಿ ಇಲ್ಲ, ವಾರಂಟಿ ಇಲ್ಲ. ಸ್ವಿಚ್ 2 ಸೆಕೆಂಡ್ ಹ್ಯಾಂಡ್ ಕೊಂಡು ಮನೆಗೆ ತಂದ ಮೇಲೆ, ಹಿಂದಿನವರ ತಪ್ಪಿಗೆ ಅದರ ಆನ್‌ಲೈನ್ ಸೇವೆ ಬಂದ್ ಆಗಿರುವುದು ಗೊತ್ತಾದ ಪ್ರಕರಣಗಳು ವಿದೇಶಗಳಲ್ಲಿ ವರದಿಯಾಗಿವೆ. ಅಂಥ ಯಂತ್ರ ಇಲ್ಲಿ ಕೈಗೆ ಬಂದರೆ ಕೇಳಲು ಉಳಿಯುವವರು ಮಾರಿದ ಅಂಗಡಿಯವರು ಒಬ್ಬರೇ. ಗ್ರಾಹಕ ಕಾಯ್ದೆ ಅವರನ್ನು ಬಿಡುವುದಿಲ್ಲ, ನಿಜ. ಆದರೆ ಕೊಳ್ಳುವ ದಿನ ‘ಜಿಎಸ್‌ಟಿ ಬಿಲ್ ಬೇಕಾ, ಬಿಲ್ ಇಲ್ಲದೆ ಸ್ವಲ್ಪ ಕಡಿಮೆ ಮಾಡಿಕೊಡಲಾ’ ಎಂದು ಅವರು ಕೇಳಿದಾಗ ಹೆಚ್ಚಿನವರು ಕೊಟ್ಟ ಉತ್ತರ ಏನು ಅನ್ನುವುದರ ಮೇಲೆ ಆ ದೂರು ನಿಂತಿರುತ್ತದೆ.